ಯಾವ ಬಾವಿಯ ಕಲ್ಲು

ನಮ್ಮ ಮನೆಯವರು ಹಿತ್ತಲ ಗೋಡೆಯ ಕಲ್ಲು ಕಿತ್ತ ವಿಷಯ ನನಗೆ ಗೊತ್ತಾದದ್ದು ಆ ಕಲ್ಲಿನಲ್ಲಿ ಚಿನ್ನ ಸಿಕ್ಕಿದ ಮೇಲೆ. ಗೋಡೆಯ ಮೂಲೆ ಬೋಳಾದದ್ದು ಅದಕ್ಕೂ ಮುಂಚೆಯೇ ಕಣ್ಣಿಗೆ ಬಿದ್ದಿತ್ತು. ಪಕ್ಕದ ಮನೆಯ ಮೇಕೆ ಹತ್ತಿ ಉರುಳಿಸಿರಬೇಕು ಅಂದುಕೊಂಡು ಮೇಕೆಯ ಒಡತಿಗೆ ಚೆನ್ನಾಗಿ ಬಿಸಿ ಮುಟ್ಟಿಸಿದ್ದೆ. ಆಕೆ ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಪಾಪ, ಮೇಕೆಯದೇನೂ ತಪ್ಪಿರಲಿಲ್ಲ.

ಮೊದಲು ಈ ಚಿನ್ನದ ರಗಳೆ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆ ನೆಲದಡಿ ಚಿನ್ನ ಇದೆ ಅಂತ ನಾನು ಲಂಗ ಹಾಕುತ್ತಿದ್ದ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ಒಂದು ಕಂಪನಿ ಬರುತ್ತದೆ, ಟೆಂಟು ಹಾಕುತ್ತದೆ, ಸಿಕ್ಕಿದ ಹೊಲಕ್ಕೆಲ್ಲ ಕೆಂಪು ಗೂಟ ಹೊಡೆಯುತ್ತದೆ, ನೆಲಕ್ಕೆ ತೂತು ಕೊರೆದು ಕಲ್ಲು ತೆಗೆದು ನೋಡುತ್ತದೆ, ಗಂಟುಮೂಟೆ ಕಟ್ಟಿಕೊಂಡು ಹೋಗುತ್ತದೆ. ಆಮೇಲೆ ಇನ್ನೊಂದು ಕಂಪನಿ ಬಂದು ಹಳೆಯ ಗೂಟದ ಪಕ್ಕದಲ್ಲಿ ಹೊಸ ಗೂಟ ಹೊಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಆಯಿತು, ಪಕ್ಕದ ಜಿಲ್ಲೆಯಲ್ಲಿ ಆಯಿತು, ಅದರಾಚೆಯದರಲ್ಲೂ ಇದೇ ಕಥೆಯಂತೆ. ಚಿನ್ನ ಸಿಕ್ಕಿ ಸುಖಪಟ್ಟವರನ್ನು ನಾನು ಒಬ್ಬರನ್ನೂ ಕಂಡಿಲ್ಲ, ಗೂಟ ಬಿದ್ದವರನ್ನು ಬೇಕಾದಷ್ಟು ಕಂಡಿದ್ದೇನೆ. ಗೂಟ ಬಿದ್ದ ಜಾಗವನ್ನು ಯಾರೂ ಕೊಳ್ಳುವುದಿಲ್ಲ. ಅಲ್ಲಿ ಮನೆ ಕಟ್ಟಲು ಕಚೇರಿಯವರು ಒಪ್ಪುವುದಿಲ್ಲ. ಹಾಗಂತ ಯಾರಾದರೂ ಬಂದು ಅಗೆಯುತ್ತಾರೋ, ಅದೂ ಇಲ್ಲ. ಇದೆಯೋ ಇಲ್ಲವೋ ತೀರ್ಮಾನವಾಗಲಿ, ಅಲ್ಲಿಯವರೆಗೆ ಕಾಯಿರಿ ಅನ್ನುತ್ತಾರೆ. ಕಾಯುತ್ತಾ ಕಾಯುತ್ತಾ ಮಕ್ಕಳಿಗೆ ಮೀಸೆ ಬರುತ್ತದೆ.

ಈ ಸಲ ಬಂದ ಕಂಪನಿ ನಮ್ಮ ಬೀದಿಯ ಕೊನೆಯಲ್ಲಿದ್ದ ಹಳೆಯ ಗೋದಾಮನ್ನೇ ಬಾಡಿಗೆಗೆ ಹಿಡಿಯಿತು. ನಮ್ಮಿಬ್ಬರಿಗೂ ಕೆಲಸ ಸಿಕ್ಕಿತು. ನನ್ನದು ಮನೆಯಲ್ಲೇ ಹೊಲಿಗೆ ಮಷೀನಿನ ಮುಂದೆ, ಕಲ್ಲು ತುಂಬುವ ಬಟ್ಟೆಯ ಚೀಲ ಹೊಲಿಯುವುದು. ದಪ್ಪ ಬಟ್ಟೆ, ಒಂದು ಹೊಲಿಗೆ ಹಾಕಿದರೆ ಕಲ್ಲಿನ ಪುಡಿ ಸೋರುತ್ತದೆ, ಎರಡು ಹೊಲಿಗೆ ಹಾಕಬೇಕು, ಬಾಯಿಗೆ ದಾರ ಪೋಣಿಸಬೇಕು. ನಮ್ಮ ಮನೆಯವರದು ಗೋದಾಮಿನಲ್ಲಿ. ನೆಲದಿಂದ ತೆಗೆದ ಉದ್ದುದ್ದ ಕಲ್ಲುಗಳು ಅಲ್ಲಿ ತಟ್ಟೆಗಳಲ್ಲಿ ಮೂಲಂಗಿಯ ಹಾಗೆ ಸಾಲಾಗಿ ಮಲಗಿರುತ್ತವೆ. ಇವರು ಅವನ್ನು ಗರಗಸಕ್ಕೆ ಕೊಟ್ಟು ಸೀಳಿ, ಅರ್ಧ ತಟ್ಟೆಯಲ್ಲಿ ಬಿಟ್ಟು, ಅರ್ಧ ಚೀಲಕ್ಕೆ ತುಂಬಿ ದೂರದ ಪರೀಕ್ಷೆಯ ಮನೆಗೆ ಕಳಿಸಬೇಕು.

ಇದರಲ್ಲಿ ಒಂದು ಚಮತ್ಕಾರ ಇದೆ. ಅಷ್ಟಷ್ಟು ಚೀಲಗಳ ಮಧ್ಯೆ ಒಂದು ಚೀಲಕ್ಕೆ 'ಖಾಲಿ ಕಲ್ಲು' ತುಂಬುತ್ತಾರೆ. ಅಂದರೆ ಅದರಲ್ಲಿ ಚಿನ್ನದ ಸುಳಿವೂ ಇಲ್ಲ ಅಂತ ಮೊದಲೇ ಗೊತ್ತಿರುವ ಬಿಳಿ ಕಲ್ಲು, ಎಲ್ಲೋ ದೂರದ ಕ್ವಾರಿಯಿಂದ ಲಾರಿಯಲ್ಲಿ ಬರುವಂಥದ್ದು. ಪರೀಕ್ಷೆ ಮಾಡುವವರಿಗೆ ಅದು ಗೊತ್ತಿರುವುದಿಲ್ಲ. ಅವರು ಅದರಲ್ಲೂ ಚಿನ್ನ ಇದೆ ಅಂದರೆ ಅವರ ಪಾತ್ರೆ ಸರಿಯಾಗಿ ತೊಳೆದಿಲ್ಲ ಅಂತ ಅರ್ಥ. ಪರೀಕ್ಷೆ ಮಾಡುವವರಿಗೇ ಪರೀಕ್ಷೆ. ಇವರು ಇದನ್ನು ವಿವರಿಸಿದಾಗ ನಾನು, "ನಿಮ್ಮ ತಲೆಯನ್ನೇ ಒಂದು ಚೀಲಕ್ಕೆ ತುಂಬಿ ಕಳಿಸಬಹುದಲ್ಲ, ಅದೂ ಖಾಲಿಯೇ" ಅಂದಿದ್ದೆ. ನಕ್ಕಿದ್ದರು. ಆಮೇಲೆ ಆದದ್ದು ನೋಡಿದರೆ ನಗುವ ಮಾತಾಗಿರಲಿಲ್ಲ.

ಒಂದು ಮಧ್ಯಾಹ್ನ ಮನೆಗೆ ಬಂದವರು ತಟ್ಟೆಯ ಮುಂದೆ ಕೂತು ಕೈ ತೊಳೆಯುವುದನ್ನೇ ಮರೆತರು. ಏನಾಯಿತು ಅಂದರೆ, "ಖಾಲಿ ಕಲ್ಲಿನಲ್ಲಿ ಚಿನ್ನ ಬಂದಿದೆ ಕಣೇ" ಅಂದರು.

"ಪಾತ್ರೆ ತೊಳೆದಿರಲ್ಲ ಅವರು. ನಿಮಗೇನು ಸಂಕಟ?"

"ನಮ್ಮ ಕಂಪನಿಯ ಮೇಡಂ ಕೂಡ ಹಾಗೇ ಅಂದುಕೊಂಡು ಅವರನ್ನ ಫೋನಲ್ಲಿ ಬೈದ್ರು. ಅವರು ಉಳಿದಿದ್ದ ಪುಡಿಯನ್ನ ಇನ್ನೊಂದು ಸಲ ನೋಡಿದ್ರು. ಮತ್ತೂ ಬಂತು. ತುಂಬಾ ಇದೆಯಂತೆ."

"ಅದಕ್ಕೆ ನೀವ್ಯಾಕೆ ಊಟ ಬಿಡಬೇಕು?"

ಆಗ ಬಾಯಿ ಬಿಟ್ಟರು. ಗೋದಾಮಿನ ಬಾಗಿಲಲ್ಲಿ ಕೆಸರು ನಿಲ್ಲುತ್ತಿತ್ತಂತೆ. ಕಾಲಿಡಲು ಆಗುತ್ತಿಲ್ಲ ಅಂತ ಇವರು ಒಂದು ದಿನ ಮೂಲೆಯಲ್ಲಿದ್ದ ಖಾಲಿ ಕಲ್ಲಿನ ರಾಶಿಯನ್ನು ತಂದು ಗುಂಡಿಗೆ ಸುರಿದುಬಿಟ್ಟಿದ್ದಾರೆ. ಹೇಗೂ ಖಾಲಿ ತಾನೆ! ಚೀಲಕ್ಕೆ ತುಂಬಬೇಕಾದಾಗ ನೆನಪಾಗಿದೆ. ಹೊಸ ಲಾರಿ ಬಂದಿಲ್ಲ, ಕೆಸರಿನಿಂದ ಕಿತ್ತರೆ ಮೇಡಂಗೆ ಗೊತ್ತಾಗುತ್ತದೆ. ಅದಕ್ಕೆ ನಮ್ಮ ಹಿತ್ತಲ ಗೋಡೆಯ ಮೇಲೆ ಸಡಿಲವಾಗಿ ಕೂತಿದ್ದ ಒಂದು ಬಿಳಿ ಕಲ್ಲನ್ನು ಒಯ್ದು, ಒಡೆದು, ತುಂಬಿ, ಕಳಿಸಿದ್ದಾರೆ.

"ಒಂದೇ ಕಲ್ಲಾ?"

"ಒಂದೇ. ಪೂರ್ತಿ ಒಡೆದೆ. ಚೂರೂ ಉಳಿದಿಲ್ಲ."

ನಾನು ಹಿತ್ತಲಿಗೆ ಹೋಗಿ ಆ ಬೋಳು ಮೂಲೆಯ ಮುಂದೆ ನಿಂತೆ. ಅದು ಎಲ್ಲರ ಮನೆಯ ಗೋಡೆಯಂಥದ್ದಲ್ಲ. ನಮ್ಮ ಮಾವ ಬಾವಿ ತೋಡುವವರು. ಮೈಯಲ್ಲಿ ಕಸುವಿದ್ದಷ್ಟು ಕಾಲ ಸುತ್ತಲಿನ ಜಿಲ್ಲೆಗಳಲ್ಲೆಲ್ಲ ಬಾವಿ ತೋಡಿದ್ದಾರೆ, ಒಂದೊಂದು ಬಾವಿಯಲ್ಲಿ ನೀರು ಬಂದಾಗಲೂ ತಳದ ಒಂದು ಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದು ಈ ಗೋಡೆಗೆ ಇಟ್ಟಿದ್ದಾರೆ. ಹತ್ತಾರು ಊರಿನ ಕಲ್ಲು ಒಂದರ ಮೇಲೊಂದು ಕೂತಿವೆ. ಅದರಲ್ಲಿ ನನ್ನ ತವರಿನದೂ ಒಂದು. ನಮ್ಮಪ್ಪ ಬಾವಿ ತೋಡಿಸಿದಾಗಲೇ ಮಾವ ನನ್ನನ್ನು ನೋಡಿ ಮಗನಿಗೆ ತಂದುಕೊಂಡದ್ದು. ಅದು ಬಿಳಿ ಕಲ್ಲು ಅಂತ ನನಗೆ ನೆನಪು. ಎಲ್ಲಿ ಇಟ್ಟಿದ್ದರು? ಈ ಮೂಲೆಯಲ್ಲೋ, ಬಚ್ಚಲ ಕಡೆಗೋ? ಬಂದಾಗಿನಿಂದ ದಿನಾ ಆ ಗೋಡೆಯ ಮೇಲೆ ಬಟ್ಟೆ ಒಣಗಿಸಿದ್ದೇನೆ, ಜ್ಞಾಪಕ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಮೂಲೆಯಲ್ಲಿ ಬಿಳಿ ಕಲ್ಲು ಕಾಣುತ್ತದೆ, ಬಚ್ಚಲ ಕಡೆಯೂ ಕಾಣುತ್ತದೆ. ಹೋಗಿ ನೋಡಿದರೆ ಬಚ್ಚಲ ಕಡೆ ಮೂರು ಬಿಳಿ ಕಲ್ಲಿವೆ. ಯಾವುದು ನನ್ನದು?

ತವರಿನಲ್ಲಿ ನನ್ನ ತಮ್ಮ ಅದೇ ಬಾವಿಯ ಪಕ್ಕ ಮನೆ ಕಟ್ಟಿಸುತ್ತಿದ್ದ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಅಮ್ಮ ಪ್ರತಿ ವಾರ ಫೋನಲ್ಲಿ ಇಟ್ಟಿಗೆಯ ಲೆಕ್ಕ ಒಪ್ಪಿಸುತ್ತಿದ್ದಳು. ಅಲ್ಲಿ ಒಂದು ಕೆಂಪು ಗೂಟ ಬಿದ್ದರೆ ಆ ಗೋಡೆ ಕಿಟಕಿಯ ಮಟ್ಟದಲ್ಲೇ ನಿಂತುಬಿಡುತ್ತದೆ, ನನ್ನಮ್ಮ ತಗಡಿನ ಶೆಡ್ಡಿನಲ್ಲೇ ಕಾಯಬೇಕಾಗುತ್ತದೆ.

"ಬಾಯಿಗೆ ಬೀಗ ಹಾಕಿಕೊಳ್ಳಿ" ಅಂತ ಇವರಿಗೆ ಹೇಳಿ ಕಳಿಸಿದೆ. ಎಲ್ಲಿಯ ಬೀಗ! ಮೇಡಂ ಸುಮ್ಮನೆ "ಈ ಕಲ್ಲು ಎಲ್ಲಿಂದ ತಂದಿರಿ" ಅಂದಿದ್ದಕ್ಕೆ ಕೆಸರಿನಿಂದ ಹಿಡಿದು ಗೋಡೆಯವರೆಗೆ ಎಲ್ಲವನ್ನೂ ಕಕ್ಕಿದ್ದಾರೆ. ಆಕೆ ಬೈದು ಕೆಲಸದಿಂದ ತೆಗೆದಿದ್ದರೂ ನಾನು ಸಹಿಸುತ್ತಿದ್ದೆ. ಬೈಯಲಿಲ್ಲ. ಕುರ್ಚಿಯಿಂದ ಎದ್ದು, "ನಾಳೆ ನಿಮ್ಮ ಮನೆಗೆ ಬರ್ತೀನಿ" ಅಂದರಂತೆ.

ಅವತ್ತು ಸಂಜೆಯೇ ನಾನು ಮಾವನ ಹತ್ತಿರ ಹೋದೆ. ಅವರು ನಡುಮನೆಯ ಬೆಂಚಿನ ಮೇಲೆ ಕೂತು ತಮ್ಮ ಚಪ್ಪಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ಯಾವುದು ಬಲ ಯಾವುದು ಎಡ ಅಂತ. ಮಾವನ ನೆನಪು ಸೋರುವುದಕ್ಕೆ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಒಂದೊಂದು ದಿನ ನನ್ನನ್ನು ಅಕ್ಕ ಅನ್ನುತ್ತಾರೆ. ಒಂದೊಂದು ದಿನ ಎಲ್ಲ ಸರಿಯಾಗಿರುತ್ತದೆ, ನಾನು ಎಂದೋ ಆಡಿದ ಒರಟು ಮಾತನ್ನೂ ಎತ್ತಿ ತೋರಿಸುತ್ತಾರೆ. ಯಾವ ದಿನ ಯಾವ ಮಾವ ಏಳುತ್ತಾರೆ ಅಂತ ಹೇಳುವ ಹಾಗಿಲ್ಲ.

"ಮಾವ, ನಾಳೆ ಒಬ್ಬರು ಮೇಡಂ ಬರ್ತಾರೆ. ಗೋಡೆಯ ಆ ಮೂಲೆಯಲ್ಲಿದ್ದ ಬಿಳಿ ಕಲ್ಲು ಯಾವ ಊರಿನದು ಅಂತ ಕೇಳ್ತಾರೆ. ಏನಾದರೂ ಹೇಳಿ, ನನ್ನ ಊರಿನ ಹೆಸರು ಮಾತ್ರ ಹೇಳಬೇಡಿ. ಕೈ ಮುಗೀತೀನಿ. ನನ್ನ ತವರು ಹಾಳಾಗುತ್ತೆ."

ಅವರು ಚಪ್ಪಲಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನಿನ್ನ ಊರು ಯಾವುದಮ್ಮ?" ಅಂದರು.

ನನಗೆ ಅಳುವೇ ಬಂತು. ಊರಿನ ಹೆಸರು ಹೇಳಿದರೆ ನಾಳೆ ಅದೇ ಬಾಯಿಗೆ ಬರಬಹುದು, ಹೇಳದೆ ಬಿಟ್ಟರೆ ತಿಳಿಯದೆ ಅಂದುಬಿಡಬಹುದು. ಅತ್ತ ದರಿ, ಇತ್ತ ಪುಲಿ. "ಏನೂ ಇಲ್ಲ ಬಿಡಿ ಮಾವ" ಅಂತ ಚಪ್ಪಲಿಯನ್ನು ಸರಿಯಾದ ಕಾಲಿಗೆ ಹಾಕಿ ಎದ್ದು ಬಂದೆ.

ಮೇಡಂ ಬಂದರು. ಸಣ್ಣ ವಯಸ್ಸು, ದೊಡ್ಡ ಬೂಟು, ಸೊಂಟದಲ್ಲಿ ಸುತ್ತಿಗೆ. ಗೋಡೆಯ ಉದ್ದಕ್ಕೂ ನಡೆದು ನೋಡಿದರು. ಆಮೇಲೆ ಒಂದೊಂದು ಕಲ್ಲಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆಸಿ, ಒಂದೊಂದು ಚಕ್ಕೆ ಒಡೆದು, ನಾನು ಹೊಲಿದ ಚೀಲಕ್ಕೇ ತುಂಬಿಸಿದರು. ನನ್ನ ಗೋಡೆ ನಂಬರು ಹಾಕಿಕೊಂಡು ಪರೀಕ್ಷೆಗೆ ಕೂತ ಮಕ್ಕಳ ಸಾಲಿನ ಹಾಗಾಯಿತು. ಮೂಲೆಯ ಕಲ್ಲು ಮಾತ್ರ ಇರಲಿಲ್ಲವಲ್ಲ, ಅದಕ್ಕೆ ಮಾವನನ್ನು ಕರೆದರು. ಬೆಂಚನ್ನು ಹಿತ್ತಲಿಗೆ ತರಿಸಿ ಅದರ ಮೇಲೆ ನಕ್ಷೆ ಹರಡಿದರು.

"ಯಜಮಾನರೇ, ಇಲ್ಲಿದ್ದ ಬಿಳಿ ಕಲ್ಲು ಎಲ್ಲಿಂದ ತಂದಿದ್ದು? ನಿಧಾನವಾಗಿ ಯೋಚನೆ ಮಾಡಿ."

"ಸೋಡಾ ಮಾರೋನ ಹೊಲದ್ದು" ಅಂದರು ಮಾವ, ಒಂದು ಕ್ಷಣವೂ ಯೋಚಿಸದೆ.

"ಯಾವ ಊರು?"

"ಅವನು ಸೋಡಾ ಮಾರ್ತಿದ್ದ. ಊರು ಅವನದಲ್ಲ, ಅವನ ಹೆಂಡತಿಯದು."

ಮೇಡಂ ನಕ್ಷೆಯಲ್ಲಿ ಹುಡುಕಿದರು. ನಕ್ಷೆಯಲ್ಲಿ ಸೋಡಾ ಮಾರುವವನು ಎಲ್ಲಿರುತ್ತಾನೆ? ಸ್ವಲ್ಪ ಹೊತ್ತಿನ ಮೇಲೆ ಅದೇ ಪ್ರಶ್ನೆ ಕೇಳಿದರೆ ಕುಂಟ ಮೇಷ್ಟ್ರ ಶಾಲೆಯ ಹಿಂದಿನ ಬಾವಿ ಅಂದರು. ಮತ್ತೆ ಕೇಳಿದರೆ ಹೊಳೆಯಾಚೆಯ ಜಿಲ್ಲೆ ಅಂದರು, ಅಲ್ಲಿಯ ನೀರು ಉಪ್ಪು ಅಂದರು, ಅದು ಬಿಳಿ ಕಲ್ಲೇ ಅಲ್ಲ ಅಂದರು. ಮೇಡಂ ನಕ್ಷೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಅಳಿಸಿ, ಹಾಕಿ ಅಳಿಸಿ, ಕಾಗದ ಕಪ್ಪಾಯಿತು. ನನಗೆ ಒಳಗೊಳಗೇ ಸಮಾಧಾನ. ಹೀಗೇ ಗೊಂದಲವಾಗಿ ಹೋಗಲಿ ಅಂತ ಟೀ ಕೊಟ್ಟು ನಿಂತಿದ್ದೆ.

ಆಗ ಮಾವನ ಮುಖ ಇದ್ದಕ್ಕಿದ್ದ ಹಾಗೆ ತಿಳಿಯಾಯಿತು. ನಗುತ್ತಾ ಶುರು ಮಾಡಿದರು.

"ಒಂದು ಮನೇಲಿ ಬಾವಿ ತೋಡ್ತಿದ್ದೆ. ಜಗಳಗಂಟಿ ಹುಡುಗಿ ಒಬ್ಬಳಿದ್ದಳು. ಮಣ್ಣು ದೂರ ಚೆಲ್ಲಿ, ಬಾಗಿಲಿಗೆ ಬರ್ತಿದೆ ಅಂತ ನನಗೇ ಜೋರು ಮಾಡಿದಳು. ಎಲ್ಲರೂ ಹೆದರಿದ್ರು, ನನಗೆ ನಗು. ತಳದಲ್ಲಿ ಬಿಳಿ ಕಲ್ಲು ಬಂತು, ಹಾಲಿನ ಹಾಗೆ. ಅದನ್ನ ಒಡೀತಿದ್ದ ಹಾಗೇ ನೀರು..."

ಆ ಜಗಳಗಂಟಿ ನಾನೇ. ಮಣ್ಣು ನಿಜವಾಗಿಯೂ ಬಾಗಿಲಿಗೆ ಬರುತ್ತಿತ್ತು. ಇವರು ಗೋಡೆಗೆ ಒರಗಿ ನಿಂತವರು ನನ್ನ ಕಡೆ ನೋಡಿ ತಲೆ ತಗ್ಗಿಸಿದರು.

"ಆ ಊರು ಯಾವುದು ಯಜಮಾನರೇ?" ಮೇಡಂ ಪೆನ್ಸಿಲ್ ಎತ್ತಿಕೊಂಡರು.

ಮಾವ ನನ್ನ ಕಡೆ ತಿರುಗಿದರು. ನೋಡಿದರು. ನಾನು ಕಣ್ಣಲ್ಲೇ ಬೇಡಿಕೊಂಡೆನೋ, ಇಲ್ಲ ಹೆದರಿ ಸುಮ್ಮನೆ ನಿಂತಿದ್ದೆನೋ, ನನಗೇ ತಿಳಿಯದು. ಅವರು ಕೋಲು ಊರಿ ಎದ್ದರು.

"ಅದು ಬೇರೆ ಕಲ್ಲು. ನೀವು ಕೇಳೋದು ಇಲ್ಲಿಯದೇ. ಈ ಬಾವಿದು" ಅಂತ ನೆಟ್ಟಗೆ ನಡೆದು ಹೋಗಿ ನಮ್ಮ ಹಿತ್ತಲ ಬಾವಿಯ ಕಟ್ಟೆಯನ್ನು ಕೋಲಿನಿಂದ ಕುಟ್ಟಿದರು.

ಮೇಡಂ ಬಾವಿಗೆ ಬಗ್ಗಿ ನೋಡಿದರು. ತಳದವರೆಗೂ ಸುತ್ತ ಕಲ್ಲಿನ ಒಳಗೋಡೆ ಕಟ್ಟಿದೆ, ಒಳಗಿನ ಬಂಡೆ ಯಾವ ಬಣ್ಣವೋ ಕಾಣುವುದಿಲ್ಲ. ಇವರನ್ನು ಕೇಳಿದರು. ಇವರು, "ಬಾವಿ ತೋಡಿದಾಗ ನಾನು ತೊಟ್ಟಿಲಲ್ಲಿದ್ದೆ ಮೇಡಂ" ಅಂದರು. ಮೇಡಂ ಮಾವನನ್ನು ಮತ್ತೆ ಮತ್ತೆ ಕೇಳಿದರು. ಬೆಳಿಗ್ಗೆಯಿಂದ ಒಂದು ಮಾತಿಗೆ ನಿಲ್ಲದ ಮನುಷ್ಯ ಆಮೇಲೆ ಎಷ್ಟು ಸಲ ಕೇಳಿದರೂ ಒಂದೇ ಉತ್ತರ, "ಇಲ್ಲಿಯದೇ."

ಕೊರೆಯುವ ಯಂತ್ರ ಆ ಹೊತ್ತಿಗೆ ಕೆಲಸವಿಲ್ಲದೆ ನಿಂತಿತ್ತು, ಮುಂದಿನ ಜಿಲ್ಲೆಗೆ ಹೋಗಬೇಕಾಗಿತ್ತು. ಹೋಗುವುದಕ್ಕೆ ಮುಂಚೆ ಒಂದು ಕೈ ನೋಡೋಣ ಅಂತ ಮೇಡಂ ತೀರ್ಮಾನ ಮಾಡಿದರು. ನಮ್ಮ ಹಿತ್ತಲಿಗೆ ಕೆಂಪು ಗೂಟ ಬಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಬೀದಿಯವರೆಲ್ಲ ಬಂದು ನೋಡಿ, ನಾನು ಇನ್ನು ಚೀಲ ಹೊಲಿಯುತ್ತೇನೋ ಇಲ್ಲವೋ ಅಂತ ವಿಚಾರಿಸಿಕೊಂಡು ಹೋದರು. ಮೇಕೆಯವಳೂ ಬೇಲಿಯಿಂದ ಇಣುಕಿದಳು.

ಯಂತ್ರ ಕೊರೆಯಿತು. ಮನೆಯ ಪಾತ್ರೆಗಳೆಲ್ಲ ಗದಗದ ಅಲ್ಲಾಡಿದವು, ನನ್ನ ಹೊಲಿಗೆಯ ದಾರ ಪದೇ ಪದೇ ತುಂಡಾಯಿತು. ಮಾವ ಬೆಂಚನ್ನು ಹಿತ್ತಲಿಗೆ ಹಾಕಿಸಿಕೊಂಡು ನೋಡುತ್ತಾ ಕೂತರು. ಮೊದಲು ಬಾವಿಯ ನೀರು ಬೂದಿಯ ಬಣ್ಣಕ್ಕೆ ತಿರುಗಿತು. ಆಮೇಲೆ ಇಳಿಯತೊಡಗಿತು. ಎಲ್ಲೋ ಒಂದು ಬಿರುಕು ಒಡೆದು ನೀರು ಕೆಳಗೆ ದಾರಿ ಮಾಡಿಕೊಂಡಿರಬೇಕು ಅಂದರು ಯಂತ್ರದವರು. ಕೊಡ ತಳಕ್ಕೆ ಬಡಿಯುವ ದಿನವೂ ಬಂತು. ಮೇಲೆ ಬಂದ ಕಲ್ಲೆಲ್ಲ ಕಪ್ಪು. ಒಂದು ಕಡೆಯೂ ಬಿಳಿಯ ಗೆರೆ ಕಾಣಲಿಲ್ಲ. ಪರೀಕ್ಷೆಯಿಂದ ಬಂದ ಮಾತೂ ಅದೇ, ಹಿತ್ತಲಲ್ಲಿ ಏನೂ ಇಲ್ಲ, ಗೋಡೆಯ ಚಕ್ಕೆಗಳಲ್ಲೂ ಏನೂ ಇಲ್ಲ. ಬೆಟ್ಟ ಅಗೆದು ಇಲಿ ಹಿಡಿಯುತ್ತಾರೆ ಅನ್ನುತ್ತಾರಲ್ಲ, ಕಂಪನಿಯವರಿಗೆ ಇಲಿಯೂ ಸಿಗಲಿಲ್ಲ.

ಮೇಡಂ ಹೊರಡುವ ಮುಂಚೆ ಮನೆಗೆ ಬಂದು, "ಒಂದು ಕಲ್ಲಲ್ಲಿ ಅಷ್ಟು ಚಿನ್ನ ಇತ್ತು. ಅದು ಎಲ್ಲೋ ಇದೆ. ಎಲ್ಲಿ ಅಂತ ನನಗೆ ಅರ್ಥವಾಗ್ತಿಲ್ಲ" ಅಂದರು. ನನಗೂ ಅರ್ಥವಾಗಿಲ್ಲ ಅಂದೆ. ಅದು ಸುಳ್ಳಲ್ಲ. ಬಚ್ಚಲ ಕಡೆಯ ಮೂರು ಬಿಳಿ ಕಲ್ಲಿನಲ್ಲಿ ಒಂದು ನನ್ನ ತವರಿನದಾದರೆ ಅದು ಖಾಲಿ, ನಾವು ಹೆದರಿದ್ದೆಲ್ಲ ದಂಡ. ಮೂಲೆಯದೇ ನನ್ನ ತವರಿನದಾದರೆ ನನ್ನಮ್ಮ ಚಿನ್ನದ ಮೇಲೆ ಕೂತು ಇಟ್ಟಿಗೆ ಎಣಿಸುತ್ತಿದ್ದಾಳೆ. ಎರಡರಲ್ಲಿ ಯಾವುದನ್ನು ಬಯಸಬೇಕು ಅಂತಲೂ ನನಗೆ ಗೊತ್ತಿಲ್ಲ.

ಗೋದಾಮು ಖಾಲಿಯಾಯಿತು. ಇವರು ಯಂತ್ರದ ಜೊತೆ ಮುಂದಿನ ಜಿಲ್ಲೆಗೆ ಕೆಲಸಕ್ಕೆ ಹೋದರು. ನಾನು ಬೀದಿಯ ನಲ್ಲಿಯಲ್ಲಿ ಕೊಡ ಇಟ್ಟು ಸಾಲಿನಲ್ಲಿ ನಿಲ್ಲುವುದನ್ನು ಕಲಿತೆ. ತಮ್ಮನ ಮನೆಗೆ ಸೂರು ಹಾಕಿದರು.

ಒಂದು ಬೆಳಿಗ್ಗೆ ನಲ್ಲಿಯಿಂದ ಕೊಡ ಹೊತ್ತು ಬಂದರೆ ಮಾವ ಬಾವಿಯ ಕಟ್ಟೆಗೆ ಒರಗಿ ನಿಂತಿದ್ದಾರೆ. ಒಂದು ಸಣ್ಣ ಕಲ್ಲನ್ನು ಒಳಗೆ ಬಿಟ್ಟು ಕಿವಿಗೊಟ್ಟರು. ನೀರಿನ ಸದ್ದು ಬರಲಿಲ್ಲ.

"ಬತ್ತಿದೆಯಲ್ಲಮ್ಮ. ಇದು ಬತ್ತೋ ಬಾವಿ ಅಲ್ಲ. ನಾನು ತೋಡಿದ್ದರಲ್ಲೆಲ್ಲ ಒಳ್ಳೇದು ಇದು. ಏನಾಯ್ತು ಇದಕ್ಕೆ?"

ಸೊಂಟ ಬಿದ್ದುಹೋಗಿತ್ತು, ನಲ್ಲಿಯ ಹತ್ತಿರ ಜಗಳವೂ ಆಗಿತ್ತು. ನನ್ನ ಸಿಟ್ಟು ನೆತ್ತಿಗೇರಿತು. "ಏನಾಯ್ತು ಅಂತ ನನ್ನ ಕೇಳ್ತೀರಾ? ಕೊರೆದ್ರು ಮಾವ. ಇಲ್ಲೇ ಚಿನ್ನ ಇದೆ ಅಂತ ತೋರಿಸಿದ್ದು ನೀವೇ."

"ನಾನಾ?"

"ನೀವೇ. ಕೋಲಲ್ಲಿ ಕುಟ್ಟಿ ತೋರಿಸಿದ್ರಿ."

ಅವರು ಕೋಲನ್ನು ನೋಡಿದರು, ಬಾವಿಯನ್ನು ನೋಡಿದರು. ಮುಖ ಸಣ್ಣದಾಯಿತು.

"ಇಲ್ಲಿ ಬರೀ ಕರಿಕಲ್ಲು ಕಣಮ್ಮ. ನಾನೇ ಒಡೆದಿದ್ದಲ್ವಾ, ನನಗೆ ಗೊತ್ತಿಲ್ವಾ? ಇಲ್ಲಿ ಯಾಕೆ ತೋರಿಸಿದೆ ನಾನು?" ಅಂದರು. ಆಮೇಲೆ ಮೆಲ್ಲಗೆ, "ನನ್ನ ತಲೆ ಪೂರ್ತಿ ಕೆಟ್ಟುಹೋಗಿದೆ ಅಂತ ಕಾಣುತ್ತೆ. ನನ್ನ ಬಾವೀನ ನಾನೇ ಕೊಂದೆ" ಅಂದರು.

ಆ ಮಾತು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಕೊಡವನ್ನು ಕಟ್ಟೆಯ ಮೇಲೆ ಇಟ್ಟೆ. ಅವರ ಕೈ ಹಿಡಿದುಕೊಂಡೆ, ಹಾಗೆ ಎಂದೂ ಹಿಡಿದವಳಲ್ಲ.

"ತಲೆ ಕೆಟ್ಟಿಲ್ಲ ಮಾವ. ನಾನು ಬೇಡಿಕೊಂಡಿದ್ದೆ. ನನ್ನ ತವರಿನ ಹೆಸರು ಹೇಳಬೇಡಿ ಅಂತ ಕೈ ಮುಗಿದಿದ್ದೆ. ಅದಕ್ಕೆ ನೀವು ಇಲ್ಲಿ ತೋರಿಸಿದ್ರಿ."

ಅವರು ಯೋಚಿಸಿದರು. ನೆನಪಾಯಿತೋ ಇಲ್ಲವೋ ಗೊತ್ತಿಲ್ಲ.

"ಹೌದಾ? ಉಳೀತಾ ನಿನ್ನ ತವರು?"

"ಉಳೀತು ಮಾವ. ಸೂರು ಹಾಕಿದ್ದಾರೆ."

"ಹಾಗಾದರೆ ತಲೆ ಸರಿಯಾಗೇ ಇತ್ತು" ಅಂದರು. ಮುಖ ತಿಳಿಯಾಯಿತು, ಕೋಲು ಊರಿಕೊಂಡು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಮತ್ತೆ ಕಟ್ಟೆಯ ಹತ್ತಿರ ನಿಂತು, ಬಾವಿ ಯಾಕೆ ಬತ್ತಿತು ಅಂತ ಕೇಳಿದರು. ಈಗ ದಿನಾ ಕೇಳುತ್ತಾರೆ. ನಾನು ಕೊಡ ಇಳಿಸಿ, ದಿನಾ ಮೊದಲಿಂದ ಹೇಳುತ್ತೇನೆ. ಒಂದೇ ಮಾತನ್ನು ಎರಡು ಸಲ ಕೇಳಿದರೆ ಉರಿದುಬೀಳುವವಳು ನಾನು, ಇದೊಂದಕ್ಕೆ ಮಾತ್ರ ಇನ್ನೂ ಸಿಟ್ಟು ಬಂದಿಲ್ಲ.